ಭಾವನ ರಿವಾಲ್ವರಿಗೆ ಯಾವ ಬಣ್ಣ?

ಕಬ್ಬಿಣಕ್ಕೂ ನಮ್ಮ ಮುಂಬಯಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಖಾಡಿ, ನಡುವೆ ನಾವು. ಜೂನ್‌ನಿಂದ ಸೆಪ್ಟೆಂಬರ್ ತನಕ ಸಾಂತಾಕ್ರೂಜ್‌ನಲ್ಲಿ ಎರಡು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ, ಮಳೆ ನಿಂತ ಮೇಲೂ ಗಾಳಿಯಲ್ಲಿ ಉಪ್ಪು. ಕಿಟಕಿಯ ಗ್ರಿಲ್ಲು, ಗ್ಯಾಸ್ ಸಿಲಿಂಡರಿನ ಬುಡ, ಬಾಲ್ಕನಿಯ ಬಟ್ಟೆ ತಂತಿ, ಸ್ಕೂಟರಿನ ಸೈಲೆನ್ಸರ್... ಯಾವುದನ್ನೂ ಈ ಊರು ಸುಮ್ಮನೆ ಬಿಡುವುದಿಲ್ಲ. ಆದರೂ ತುಕ್ಕಿನ ಬಗ್ಗೆ ನಾನು ಕುಳಿತು ಬರೆಯುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ಅದೂ ಒಂದು ರಿವಾಲ್ವರಿನ ತುಕ್ಕು!

ಗಾಬರಿ ಬೇಡ, ರಿವಾಲ್ವರ್ ನನ್ನದಲ್ಲ. ನಾನು ಬಿಕಾಂ ಮುಗಿಸಿ ಬ್ಯಾಂಕು ಸೇರಿದವನು. ನಾನು ಹತ್ತಿರದಿಂದ ನೋಡಿದ ಆಯುಧವೆಂದರೆ ಶಾಖೆಯ ಬಾಗಿಲಲ್ಲಿ ನಮ್ಮ ಗನ್‌ಮ್ಯಾನ್ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಮಾತ್ರ. ರಿವಾಲ್ವರ್ ನಮ್ಮ ಭಾವನದು. ಭಾವ ಅಂದರೆ ಅಕ್ಕನ ಗಂಡ. ಊರು ಉಡುಪಿಯ ಹತ್ತಿರ, ಕುರ್ಲಾ ಕಡೆ ಹೋಟೆಲು, ಘಾಟ್‌ಕೋಪರಿನಲ್ಲಿ ಮನೆ. ಮುಂಬಯಿಯಲ್ಲಿರುವ ನಮ್ಮವರಲ್ಲಿ ಇಂಥ ಒಬ್ಬ ಭಾವ ಪ್ರತಿ ಮನೆಗೂ ಇರುತ್ತಾರೆ, ರಿವಾಲ್ವರ್ ಮಾತ್ರ ಎಲ್ಲರಲ್ಲೂ ಇರುವುದಿಲ್ಲ ಅಷ್ಟೆ.

ಅದು ಬಂದದ್ದು 1998ರಲ್ಲಿ. ಆ ವರ್ಷಗಳಲ್ಲಿ ಇಲ್ಲಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1997ರ ಆಗಸ್ಟ್ 12ರಂದು ಅಂಧೇರಿಯಲ್ಲಿ ದೇವಸ್ಥಾನದಿಂದ ಹೊರಬರುತ್ತಿದ್ದ ಗುಲ್ಶನ್ ಕುಮಾರ್ ಅವರನ್ನು ಹಾಡುಹಗಲೇ ಗುಂಡಿಟ್ಟು ಕೊಂದರು. ಬಿಲ್ಡರುಗಳು, ಸಿನಿಮಾದವರು, ಹೋಟೆಲಿನವರು, ಎಲ್ಲರಿಗೂ ಪರದೇಶದ ನಂಬರಿನಿಂದ ಫೋನು. ಭಾವನಿಗೂ ಎರಡು ಸಲ ಬಂತು. ಎರಡನೆಯ ಸಲ ಅಕ್ಕನೇ ಫೋನು ಎತ್ತಿದ್ದಳು. ಮಗ ಯಾವ ಶಾಲೆ, ಎಷ್ಟು ಗಂಟೆಗೆ ಬಸ್ಸು ಹತ್ತುತ್ತಾನೆ ಎಂದು ಆ ಕಡೆಯವನು ಬಹಳ ಮರ್ಯಾದೆಯಿಂದ ಹೇಳಿದನಂತೆ. ಭಾವ ಪೊಲೀಸಿಗೆ ದೂರು ಕೊಟ್ಟರು, ಲೈಸೆನ್ಸಿಗೆ ಅರ್ಜಿ ಹಾಕಿದರು, ಸಿಕ್ಕಿತು. ವಿದೇಶಿ ಆಯುಧ ತರಿಸಿಕೊಳ್ಳುವುದು 1980ರ ದಶಕದ ಮಧ್ಯದಲ್ಲೇ ನಿಂತಿತ್ತು. ಹಳೆಯ ವಿದೇಶಿ ರಿವಾಲ್ವರಿನ ಬೆಲೆ ಕೇಳಿದರೆ ಕುರ್ಲಾದಲ್ಲಿ ಇನ್ನೊಂದು ಗಾಳಾ ತೆಗೆದುಕೊಳ್ಳಬಹುದಿತ್ತು. ಕೊನೆಗೆ ಕೊಂಡದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32. ಬ್ರಿಟಿಷರ ಕಾಲದ ವೆಬ್ಲಿ ಮಾದರಿ. ಮೇಲಿನ ಚಿಲಕ ಒತ್ತಿ ನಡುವೆ ಮಡಚಿದರೆ ಆರು ಗುಂಡಿನ ಸಿಲಿಂಡರು ತೆರೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿದರೆ ಮುಕ್ಕಾಲು ಕಿಲೋದಷ್ಟು ಭಾರ.

ಆಮೇಲೆ ಇಪ್ಪತ್ತು ವರ್ಷ ಅದು ಭಾವನ ಸೊಂಟದಲ್ಲೇ ಇತ್ತು. ರಾತ್ರಿ ಹನ್ನೊಂದೂವರೆಗೆ ಗಲ್ಲಾ ಎಣಿಸಿ, ಹಣವನ್ನು ಬಗಲಿನ ಚೀಲಕ್ಕೆ ಹಾಕಿ, ಶರ್ಟಿನ ಒಳಗೆ ಚರ್ಮದ ಹೋಲ್ಸ್ಟರಿನಲ್ಲಿ ಇದನ್ನು ಸಿಕ್ಕಿಸಿಕೊಂಡು ಮನೆಗೆ ಹೊರಡುವುದು. ಯಾರ ಮೇಲೂ ತೆಗೆದು ತೋರಿಸಿದ್ದಿಲ್ಲ. ಫೋನು ಮಾತ್ರ ಮತ್ತೆ ಬರಲಿಲ್ಲ. ಅದು ರಿವಾಲ್ವರಿನ ಪ್ರತಾಪವೋ, ಪೊಲೀಸರ ಪ್ರತಾಪವೋ, ಕಾಲ ಬದಲಾದದ್ದೋ, ಇದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ.

ಸೊಂಟದಲ್ಲಿ ಇಟ್ಟುಕೊಂಡು ತಿರುಗುವ ಆಯುಧ ಸವೆಯುವ ರೀತಿಯೇ ಬೇರೆ. ಗುಂಡು ಹಾರಿಸಿ ಸವೆಯುವುದಲ್ಲ, ಹಾರಿಸದೆ ಸವೆಯುವುದು. ನಳಿಗೆಯ ತುದಿ, ಸಿಲಿಂಡರಿನ ಅಂಚು, ಟ್ರಿಗರಿನ ಸುತ್ತಲಿನ ಬಳೆ, ಹೆಬ್ಬೆರಳು ಒತ್ತುವ ಚಿಲಕ, ಈ ನಾಲ್ಕು ಕಡೆ ಕಪ್ಪು ಬಣ್ಣ ಹೋಗಿ ಬಿಳಿ ಉಕ್ಕು ಕಾಣುತ್ತಿತ್ತು. ಅದರ ಮೇಲೆ ದಿನವೂ ಬೆವರು. ಬೆವರಿನಲ್ಲಿರುವ ಉಪ್ಪು ಉಕ್ಕಿಗೆ ಸಮುದ್ರದ ಉಪ್ಪಿಗಿಂತ ಕಡಿಮೆ ಶತ್ರುವೇನಲ್ಲ. ಚರ್ಮದ ಹೋಲ್ಸ್ಟರು ಇನ್ನೊಂದು ಕಂಟಕ: ತೇವ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ, ಚರ್ಮ ಹದ ಮಾಡಿದ ಲವಣಗಳೂ ಅದರಲ್ಲಿರುತ್ತವೆ. ರಾತ್ರಿ ಮನೆಗೆ ಬಂದು ಹೋಲ್ಸ್ಟರಿನ ಸಮೇತ ಕಪಾಟಿನಲ್ಲಿಟ್ಟರೆ ಒದ್ದೆ ಟವೆಲಿನಲ್ಲಿ ಸುತ್ತಿಟ್ಟಂತೆಯೇ ಸರಿ.

ಇದೆಲ್ಲದರ ಮೇಲೆ 2005ರ ಜುಲೈ 26. ಆ ಮಂಗಳವಾರ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಎಲ್ಲ ಮುಳುಗಿದವು. ಭಾವ ಹೋಟೆಲಿನ ಹುಡುಗರನ್ನು ಅಟ್ಟದ ಮೇಲೆ ಹತ್ತಿಸಿ, ಎದೆಮಟ್ಟದ ನೀರಿನಲ್ಲಿ ನಡೆದು ಮರುದಿನ ಮನೆ ಸೇರಿದವರು. ಹಣದ ಚೀಲ ತಲೆಯ ಮೇಲೆ, ರಿವಾಲ್ವರು ನೀರಿನೊಳಗೆ. ಮನೆಗೆ ಬಂದವರೇ ಒರೆಸಿ, ಒಣಗಿಸಿ, ಎಣ್ಣೆ ಹಾಕಿದರು. ಆದರೆ ಹಿಡಿಯ ಎರಡು ಪಟ್ಟಿಗಳ ಹಿಂದೆ ಮೀಠಿಯ ನೀರು ಉಳಿದಿದೆ ಎಂದು ಯಾರಿಗೆ ಗೊತ್ತು?

2024ರಲ್ಲಿ ಎರಡು ಚುನಾವಣೆ. ಮಾರ್ಚ್ 16ಕ್ಕೆ ಲೋಕಸಭೆಯ ನೀತಿಸಂಹಿತೆ, ಅಕ್ಟೋಬರ್ 15ಕ್ಕೆ ವಿಧಾನಸಭೆಯದು. ಚುನಾವಣೆಯ ಹೊತ್ತಿಗೆ ಲೈಸೆನ್ಸಿನ ಆಯುಧಗಳನ್ನು ಪರಿಶೀಲಿಸಿ, ಯಾರದು ಠಾಣೆಯಲ್ಲಿ ಜಮಾ ಆಗಬೇಕೆಂದು ಒಂದು ಸಮಿತಿ ತೀರ್ಮಾನಿಸುತ್ತದೆ. ಭಾವ ಎರಡೂ ಸಲ ಜಮಾ ಮಾಡಿದರು. ಭದ್ರವಾಗಿರಲಿ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಕೊಟ್ಟಿದ್ದರು. ಪ್ಲಾಸ್ಟಿಕ್ಕು ಹೊರಗಿನ ತೇವವನ್ನು ತಡೆಯುವಷ್ಟೇ ಚೆನ್ನಾಗಿ ಒಳಗಿನ ತೇವವನ್ನೂ ಕೂಡಿಹಾಕುತ್ತದಲ್ಲ... ನವೆಂಬರ್ ಕೊನೆಯಲ್ಲಿ ಬಿಡಿಸಿ ತಂದು ನೋಡಿದರೆ ಸಿಲಿಂಡರಿನ ಮೇಲೆ ಕೇಸರಿ ಬಣ್ಣದ ಚುಕ್ಕೆಗಳು, ಸಿಡುಬು ಬಂದವನ ಮುಖದ ಹಾಗೆ.

ಹೊಸ ಬಣ್ಣ ಕೊಡಿಸಬೇಕೆಂಬ ಮಾತು ಹುಟ್ಟಿದ್ದು ಅಲ್ಲಿಂದ. ಅಳಿಯ, ಅಂದರೆ ಅಕ್ಕನ ಮಗ, ಆಗಲೇ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಬೆಳ್ಳಿಯ ಹಾಗೆ ಹೊಳೆಯುವ ರಿವಾಲ್ವರು. "ಮಾವ, ಕ್ರೋಮ್ ಮಾಡಿಸಿಬಿಡುವ. ಒಂದು ಸಲ ಮಾಡಿಸಿದರೆ ಜನ್ಮಕ್ಕೆ ಸಾಕು. ನಿಮಗೆ ಪ್ಲೇಟಿಂಗಿನವರು ತುಂಬಾ ಜನ ಗೊತ್ತಲ್ಲಾ?"

ಗೊತ್ತು, ನಿಜ. ಸಣ್ಣ ಉದ್ದಿಮೆಗಳ ಸಾಲದ ವಿಭಾಗದಲ್ಲಿ ನಾನು ಎಂಟು ವರ್ಷ ಇದ್ದೆ. ಸಾಕಿನಾಕಾ, ಭಾಯಂದರ್, ವಸಾಯಿ ಕಡೆಯ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಗೆ ಸ್ಟಾಕ್ ತಪಾಸಣೆಗೆಂದು ಹೋಗಿ ಆ ಆಮ್ಲದ ಹೊಗೆಯಲ್ಲಿ ಕೆಮ್ಮಿದ್ದೇನೆ. ತೊಟ್ಟಿಯಲ್ಲಿರುವ ದ್ರಾವಣವನ್ನು ಸ್ಟಾಕ್ ಎಂದು ಲೆಕ್ಕ ಹಿಡಿಯುವುದು ಹೇಗೆ ಎಂದು ಮಾಲೀಕರ ಜೊತೆ ಜಗಳವಾಡಿದ್ದೇನೆ. ಹತ್ತನೇ ತರಗತಿಗೆ ಮುಗಿದುಹೋದ ರಸಾಯನಶಾಸ್ತ್ರವನ್ನು ನಾನು ಮತ್ತೆ ಕಲಿತದ್ದು ಆ ತೊಟ್ಟಿಗಳ ಪಕ್ಕದಲ್ಲಿ ನಿಂತೇ. ಹಾಗಾಗಿ ಈ ವಿಷಯದಲ್ಲಿ ಮನೆಯವರೆಲ್ಲ ನನ್ನ ಮುಖ ನೋಡಿದರು.

ಮೊದಲು ಆ ಹಳೆಯ ಕಪ್ಪು ಬಣ್ಣ ಏನು ಎಂದು ನೋಡೋಣ. ಇಂಗ್ಲಿಷಿನಲ್ಲಿ ಬ್ಲೂಯಿಂಗ್, ನಮ್ಮ ವರ್ಕ್‌ಶಾಪಿನವರ ಬಾಯಲ್ಲಿ ಬ್ಲ್ಯಾಕೋಡೈಸಿಂಗ್. ಇದು ಬಳಿದ ಬಣ್ಣವೇ ಅಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪುಗಳನ್ನು 140 ಡಿಗ್ರಿ ಆಸುಪಾಸಿನಲ್ಲಿ ಕುದಿಸಿ ಉಕ್ಕನ್ನು ಮುಳುಗಿಸಿದರೆ ಉಕ್ಕಿನ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಕೆಂಪು ತುಕ್ಕು ಪುಡಿಪುಡಿಯಾಗಿ ಉದುರುತ್ತದೆ, ಉದುರಿದ ಜಾಗದಲ್ಲಿ ಮತ್ತೆ ತುಕ್ಕು. ಈ ಕಪ್ಪು ಆಕ್ಸೈಡು ಉದುರದೆ ಅಂಟಿಕೊಂಡಿರುತ್ತದೆ. ಒಳ್ಳೆಯ ತುಕ್ಕನ್ನು ಕಾವಲಿಗೆ ಇಟ್ಟು ಕೆಟ್ಟ ತುಕ್ಕನ್ನು ತಡೆಯುವ ಉಪಾಯ ಅನ್ನಿ. ನಮ್ಮ ಬೀದರಿನ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿದರಿ ಪಾತ್ರೆಯನ್ನು ಕಪ್ಪು ಮಾಡುತ್ತಾರಲ್ಲ, ಅದೂ ಇದೇ ಜಾತಿಯ ಕೆಲಸ. ಸತು-ತಾಮ್ರದ ಮಿಶ್ರಲೋಹದ ಮೈಯೇ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಬ್ಲೂಯಿಂಗಿನ ದೌರ್ಬಲ್ಯವೆಂದರೆ ಅದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ಎಣ್ಣೆಯಿಲ್ಲದೆ ಬಿಟ್ಟರೆ ಮುಂಬಯಿಯ ಗಾಳಿಯಲ್ಲಿ ಅದು ಬಹಳ ದಿನ ನಿಲ್ಲುವುದಿಲ್ಲ. ಇದನ್ನು ಹೇಳುತ್ತಿದ್ದಾಗ ಭಾವ ನಡುವೆ ಬಾಯಿ ಹಾಕಿದರು: "ಅಲ್ಲ ಮಾರಾಯ, ನಮ್ಮ ಹೋಟೆಲಿನ ಕಾವಲಿ ಮೂವತ್ತು ವರ್ಷದಿಂದ ಉಂಟು. ದಿನಾ ನೀರು ಚಿಮುಕಿಸುವುದು, ಹಿಡಿಯಲ್ಲಿ ಗುಡಿಸುವುದು. ಒಂದು ಚುಕ್ಕೆ ತುಕ್ಕು ಇಲ್ಲ. ಅದಕ್ಕೆ ಯಾರು ಕ್ರೋಮ್ ಮಾಡಿದ್ದಾರೆ?"

ಒಳ್ಳೆಯ ಪ್ರಶ್ನೆ. ಕಾವಲಿಯ ಮೇಲೆ ಎಣ್ಣೆ ಕಾದು ಕಾದು ಗಟ್ಟಿಯಾದ ಒಂದು ಪದರವೇ ಆಗಿಬಿಟ್ಟಿರುತ್ತದೆ, ಸವೆದಷ್ಟೂ ಮರುದಿನದ ದೋಸೆ ಅದನ್ನು ತುಂಬಿಕೊಡುತ್ತದೆ. ರಿವಾಲ್ವರಿನ ಮೇಲೆ ದಿನಾ ದೋಸೆ ಹೊಯ್ಯಲು ಆಗುವುದಿಲ್ಲ ಎಂದೆ. ಆದರೆ ಭಾವನ ಮಾತಿನಲ್ಲಿ ತಿರುಳಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತನ್ನ ಬಂದೂಕುಗಳಿಗೆ ಬಳಸಿದ ಪಾರ್ಕರೈಸಿಂಗ್ ಎಂಬ ಫಾಸ್ಫೇಟ್ ಪದರ ಕೆಲಸ ಮಾಡುವುದೂ ಎಣ್ಣೆಯ ಬಲದಿಂದಲೇ. ಬೂದುಗಪ್ಪು, ಒರಟು, ಸೂಕ್ಷ್ಮ ರಂಧ್ರಗಳು ತುಂಬಿದ ಪದರ. ಆ ರಂಧ್ರಗಳಲ್ಲಿ ಎಣ್ಣೆ ನಿಲ್ಲುತ್ತದೆ. ಚಂದವೇನಿಲ್ಲ, ಆದರೆ ಬ್ಲೂಯಿಂಗಿಗಿಂತ ಗಟ್ಟಿ.

ಇನ್ನು ಅಳಿಯನ ಕ್ರೋಮ್. ಸ್ನಾನದ ಮನೆಯ ನಲ್ಲಿಯ ಮೇಲಿನ ಹೊಳಪಿನ ಕ್ರೋಮೂ ಹಾರ್ಡ್ ಕ್ರೋಮೂ ಒಂದೇ ಅಲ್ಲ. ನಲ್ಲಿಯ ಮೇಲೆ ಇರುವುದು ನಿಕಲ್ ಹಾಸಿನ ಮೇಲೆ ತೆಳು ಕ್ರೋಮು. ಹಾರ್ಡ್ ಕ್ರೋಮ್ ಉಕ್ಕಿನ ಮೇಲೆ ನೇರವಾಗಿ ಕೂರುತ್ತದೆ, ಅರ ಹಾಕಿ ಉಜ್ಜಿದರೆ ಅರವೇ ಜಾರುವಷ್ಟು ಗಟ್ಟಿ. ಜೆಸಿಬಿಯ ತೋಳಿನಲ್ಲಿ ಹೊಳೆಯುತ್ತಾ ಒಳಗೆ ಹೊರಗೆ ಓಡಾಡುವ ದಂಡ ನೋಡಿದ್ದೀರಲ್ಲ, ಅದು ಇದೇ. ಹೋಲ್ಸ್ಟರಿನ ಉಜ್ಜಾಟಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಇದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳ ಜಾಲವಿರುತ್ತದೆ, ತೆಳುವಾಗಿ ಕೂರಿಸಿದರೆ ಅಲ್ಲಿಂದ ತೇವ ಕೆಳಗಿಳಿಯಬಹುದು. ಕರೆಂಟು ಹರಿಸಿ ಕೂರಿಸುವ ಲೇಪವಾದ್ದರಿಂದ ಅಂಚುಗಳಲ್ಲಿ ದಪ್ಪ, ಸಂದುಗಳಲ್ಲಿ ತೆಳು. ಇನ್ನೊಂದು ಗಂಭೀರ ತೊಂದರೆ ಇದೆ. ಆಮ್ಲದಲ್ಲಿ ತೊಳೆಯುವಾಗ ಮತ್ತು ಪ್ಲೇಟಿಂಗ್ ಆಗುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ. ಗಟ್ಟಿಮಾಡಿದ ಉಕ್ಕು, ಅದರಲ್ಲೂ ಸ್ಪ್ರಿಂಗು, ಇದರಿಂದ ಪೆಡಸಾಗಿ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳಲ್ಲಿ 190-200 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿ ಆ ಹೈಡ್ರೋಜನ್ ಹೊರಗೆ ಹಾಕಬೇಕು. ನಾನು ತಪಾಸಣೆಗೆ ಹೋದ ಒಂದು ಘಟಕದಲ್ಲಿ ಆ ಬೇಯಿಸುವ ಒಲೆಯೊಳಗೆ ಕೆಲಸಗಾರರ ಊಟದ ಡಬ್ಬಿಗಳಿದ್ದವು. ಕ್ರೋಮ್ ತೊಟ್ಟಿಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು ಎಂಬುದು ಅದಕ್ಕಿಂತ ದೊಡ್ಡ ಕಥೆ. 2000ದಲ್ಲಿ ಬಂದ ಎರಿನ್ ಬ್ರೋಕೋವಿಚ್ ಸಿನಿಮಾ ಇದರ ಬಗ್ಗೆಯೇ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನನ್ನ ಮನಸ್ಸಿದ್ದದ್ದು ಎಲೆಕ್ಟ್ರೋಲೆಸ್ ನಿಕಲ್ ಕಡೆಗೆ. ಕರೆಂಟೇ ಬೇಡ, 90 ಡಿಗ್ರಿ ಆಸುಪಾಸಿನ ದ್ರಾವಣದಲ್ಲಿ ಅದ್ದಿದರೆ ನಿಕಲ್ ಮತ್ತು ರಂಜಕ ಸೇರಿ ತಾವಾಗಿಯೇ ಉಕ್ಕಿನ ಮೇಲೆ ಕೂರುತ್ತವೆ. ಬ್ರೆನ್ನರ್ ಮತ್ತು ರಿಡೆಲ್ ಎಂಬಿಬ್ಬರು 1946ರಲ್ಲಿ ಅಮೆರಿಕದಲ್ಲಿ ಕಂಡುಕೊಂಡ ವಿಧಾನ. ಅಂಚಿರಲಿ, ಸಂದಿರಲಿ, ರಂಧ್ರದ ಒಳಗಿರಲಿ, ಎಲ್ಲ ಕಡೆ ಒಂದೇ ದಪ್ಪ. ರಂಜಕದ ಪ್ರಮಾಣ ಹೆಚ್ಚಿದ್ದರೆ ಉಪ್ಪು ಗಾಳಿಗೆ ಬಹಳ ಚೆನ್ನಾಗಿ ತಡೆಯುತ್ತದೆ. ಹೊಳಪಿಲ್ಲದ ಮಂಕು ಬೆಳ್ಳಿಯ ಬಣ್ಣ. ಎರಡು ಎಚ್ಚರಿಕೆ ಮಾತ್ರ ಬೇಕು. ಒಂದು, 15 ಮೈಕ್ರಾನ್ ಹಾಕಿಸಿದರೆ ರಂಧ್ರದ ವ್ಯಾಸ 30 ಮೈಕ್ರಾನ್ ಕಡಿಮೆಯಾಗುತ್ತದೆ. ಗುಂಡು ಕೂರುವ ಆರು ಮನೆಗಳನ್ನು ಮುಚ್ಚಿಯೇ ಅದ್ದಬೇಕು, ಇಲ್ಲದಿದ್ದರೆ ಹಾರಿಸಿದ ಕೋಶ ಸಿಕ್ಕಿಕೊಳ್ಳುತ್ತದೆ. ಎರಡು, ನಿಕಲ್‌ಗೆ ತ್ಯಾಗಬುದ್ಧಿ ಇಲ್ಲ. ಊರಿನ ಮನೆಯ ಜಿಂಕ್ ಶೀಟಿನ ಮೇಲೆ ಗೀರು ಬಿದ್ದರೆ ಸತು ತಾನು ಕರಗಿ ಒಳಗಿನ ಕಬ್ಬಿಣವನ್ನು ಉಳಿಸುತ್ತದೆ. ನಿಕಲ್ ಪದರದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ತಾನು ಚೆನ್ನಾಗಿದ್ದುಕೊಂಡು ಕೆಳಗಿನ ಉಕ್ಕನ್ನು ತುಕ್ಕಿಗೆ ಬಿಟ್ಟುಕೊಡುತ್ತದೆ. ಇಂಥ ಮ್ಯಾನೇಜರುಗಳನ್ನು ನಾನು ಬ್ಯಾಂಕಿನಲ್ಲೂ ಕಂಡಿದ್ದೇನೆ :-)

ಈಗಿನ ಹುಡುಗರ ಮಾತಿನಲ್ಲಿ ಹೆಚ್ಚು ಕೇಳುವುದು ಸೆರಾಕೋಟ್. ಪಾಲಿಮರಿಗೆ ಸೆರಾಮಿಕ್ ಬೆರೆಸಿದ ಲೇಪ, ಅಮೆರಿಕದ ಒರೆಗಾನ್ ರಾಜ್ಯದ ಕಂಪೆನಿಯದು. ಮರಳು ಹೊಡೆದು ಮೈ ಒರಟು ಮಾಡಿ, ಸ್ಪ್ರೇ ಮಾಡಿ, ಒಲೆಯಲ್ಲಿ ಬೇಯಿಸುತ್ತಾರೆ. ತುಕ್ಕಿಗೆ ಭದ್ರ, ಬೇಕಾದ ಬಣ್ಣ, ಸಣ್ಣಪುಟ್ಟ ಗುಳಿಗಳೂ ಮುಚ್ಚುತ್ತವೆ. ಆದರೆ ಅದು ಏನಿದ್ದರೂ ಮೇಲೆ ಕೂತ ಲೇಪ. ಹೋಲ್ಸ್ಟರಿನ ಅಂಚಿನಲ್ಲಿ ಹಾರ್ಡ್ ಕ್ರೋಮಿನಷ್ಟು ಬಾಳುವುದಿಲ್ಲ. ಇದೆಲ್ಲ ತಲೆನೋವೇ ಬೇಡ ಎಂದು ಸ್ಮಿತ್ ಅಂಡ್ ವೆಸನ್‌ನವರು 1965ರಲ್ಲೇ ಇಡೀ ರಿವಾಲ್ವರನ್ನೇ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದರು. ನಮ್ಮ ಕಾನ್ಪುರದಿಂದ 2014ರಲ್ಲಿ ಟೈಟಾನಿಯಂ ಮಿಶ್ರಲೋಹದ, ಅರ್ಧ ಕಿಲೋ ತೂಗುವ ನಿರ್ಭೀಕ್ ಬಂತು, ಬೆಲೆ ಸುಮಾರು 1.22 ಲಕ್ಷ. ಭಾವನ ಕಾಲಕ್ಕೆ ಅದು ಇರಲಿಲ್ಲ.

ಇಷ್ಟು ಪಾಠ ಕೇಳಿದ ಮೇಲೆ ಅಳಿಯ ಎದ್ದು ನಿಂತು, "ಹಾಗಾದರೆ ನಿಕಲ್. ವಸಾಯಿಯವರಿಗೆ ಫೋನು ಮಾಡಿ ಮಾವ, ಶನಿವಾರ ಕೊಟ್ಟುಬರುವ" ಎಂದ.

ಅಲ್ಲೇ ನಾನು ಅವನನ್ನು ತಡೆದದ್ದು. ಇಲ್ಲಿ ರಸಾಯನಶಾಸ್ತ್ರ ಮುಗಿದು ಕಾನೂನು ಶುರುವಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಆಯುಧ ತಯಾರಿಸುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸು ಬೇಕು. ನಲ್ಲಿ, ಬೀಗ, ಬೈಕಿನ ಬಿಡಿಭಾಗಗಳಿಗೆ ಪ್ಲೇಟಿಂಗ್ ಮಾಡುವ ನನ್ನ ಪರಿಚಯದ ಮಾಲೀಕನ ಹತ್ತಿರ ಅದೆಲ್ಲಿಂದ ಬರಬೇಕು? ಅವನ ತೊಟ್ಟಿಯ ಪಕ್ಕ ಒಂದು ರಾತ್ರಿ ಈ ರಿವಾಲ್ವರು ಕೂತರೆ ಅವನೂ ಅಪರಾಧಿ, ಕೊಟ್ಟ ಭಾವನೂ ಅಪರಾಧಿ. ಅಷ್ಟೇ ಏಕೆ, ಅಳಿಯ ಒಬ್ಬನೇ ಅದನ್ನು ಚೀಲದಲ್ಲಿಟ್ಟುಕೊಂಡು ಲೋಕಲ್ ಟ್ರೇನು ಹತ್ತುವ ಹಾಗೂ ಇಲ್ಲ. ರಿಪೇರಿಗೋ ಲೈಸೆನ್ಸಿನ ನವೀಕರಣಕ್ಕೋ ಬೇರೆಯವರು ಒಯ್ಯಬೇಕಾದರೆ ಲೈಸೆನ್ಸುದಾರ ಜೊತೆಗಿರಬೇಕು, ಇಲ್ಲವೇ ಅವರ ಲಿಖಿತ ಅಧಿಕಾರಪತ್ರ ಇರಬೇಕು. 3ನೇ ಕಲಮಿನಲ್ಲೇ ಇದೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಭಯ ಹುಟ್ಟಿಸಿತು. ಯಾವ ಪ್ಲೇಟಿಂಗಿಗೂ ಮೊದಲು ಬಫಿಂಗ್ ಇದ್ದೇ ಇದೆ. ತಿರುಗುವ ಬಟ್ಟೆ ಚಕ್ರಕ್ಕೆ ಮಸಾಲೆ ಹಚ್ಚಿ ಒತ್ತಿ ಹಿಡಿದರೆ ಐದು ನಿಮಿಷದಲ್ಲಿ ಅಕ್ಷರಗಳ ಅಂಚು ಕರಗುತ್ತದೆ. ರಿವಾಲ್ವರಿನ ಫ್ರೇಮಿನ ಮೇಲೆ ಕೊರೆದ ನಂಬರು ಹೋಯಿತೆಂದರೆ ಅದು ಸೌಂದರ್ಯದ ವಿಷಯವಲ್ಲ. 8ನೇ ಕಲಮಿನ ಪ್ರಕಾರ ಗುರುತಿನ ನಂಬರು ಅಳಿಸುವುದು ಅಪರಾಧ, ಅಳಿಸಿದ ಆಯುಧ ಯಾರ ಬಳಿ ಇದೆಯೋ ಅವರೇ ಅಳಿಸಿದವರು ಎಂದು, ಅಲ್ಲವೆಂದು ಸಾಬೀತಾಗುವ ತನಕ, ಕಾನೂನು ಭಾವಿಸುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಆ ನಂಬರೇ ಟೈಟಲ್ ಡೀಡ್. ಭಾವನ ಪಾಲಿಗೆ ಅದು ಇನ್ನೂ ಮುಖ್ಯವಾಗಿತ್ತು, ಏಕೆಂದರೆ 2016ರ ನಿಯಮಗಳಲ್ಲಿ ಒಂದು ಅವಕಾಶ ಇದೆ. ಲೈಸೆನ್ಸುದಾರನಿಗೆ 70 ತುಂಬಿದರೆ, ಅಥವಾ ಆಯುಧ ಅವನ ಬಳಿ 25 ವರ್ಷ ಇದ್ದರೆ, ಯಾವುದು ಮೊದಲೋ ಅದರ ಪ್ರಕಾರ, ಅವನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಲೈಸೆನ್ಸು ಕೊಡುವಂತೆ ಕೇಳಬಹುದು. ಭಾವನಿಗೆ 68. ಆದರೆ 25 ವರ್ಷ 2023ರಲ್ಲೇ ಆಗಿತ್ತು. ಅಳಿಯ ಅರ್ಜಿ ಹಾಕುವ ತಯಾರಿಯಲ್ಲಿದ್ದ. ಆ ಹೊತ್ತಿನಲ್ಲಿ ನಂಬರು ಮಸುಕಾದ ರಿವಾಲ್ವರನ್ನು ಅಧಿಕಾರಿಯ ಮೇಜಿನ ಮೇಲೆ ಇಡುವುದೆಂದರೆ ಏನಾಗಬಹುದು, ನೀವೇ ಹೇಳಿ.

ಕೊನೆಗೆ ಮೂವರೂ ಸೇರಿ ಫೋರ್ಟ್ ಕಡೆಯ ಒಂದು ಹಳೆಯ ಬಂದೂಕಿನ ಅಂಗಡಿಗೆ ಹೋದೆವು. ರಿಪೇರಿಯ ಲೈಸೆನ್ಸು ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು. ಮಿಸ್ತ್ರಿಗೆ ಭಾವನದೇ ವಯಸ್ಸಿರಬಹುದು. ಮೊದಲು ತೆರೆದು ಆರೂ ಮನೆ ಖಾಲಿ ಇವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಹಿಡಿಯ ಪಟ್ಟಿಗಳ ತಿರುಪು ಬಿಚ್ಚಿದರು. ಒಳಗೆ ಇಪ್ಪತ್ತು ವರ್ಷದ ಹಿಂದಿನ ಮೀಠಿ ನದಿ ಕುಳಿತಿತ್ತು. ಕಪ್ಪು ಕೆಸರಿನ ಗೆರೆ, ಅದರ ಕೆಳಗೆ ಹುಳ ತಿಂದ ಹಾಗೆ ಗುಳಿಗಳು. ಭಾವ ಏನೂ ಮಾತಾಡಲಿಲ್ಲ. ಹೆಬ್ಬೆರಳಿನಿಂದ ಆ ಗುಳಿಗಳ ಮೇಲೆ ಎರಡು ಸಲ ಸವರಿದರು ಅಷ್ಟೆ.

ಮಿಸ್ತ್ರಿ ಹಿಂದಿಯಲ್ಲಿ ಹೇಳಿದ್ದರ ಸಾರಾಂಶ ಇದು: ಈ ಗುಳಿಗಳ ತಳ ಮುಟ್ಟುವ ತನಕ ಉಜ್ಜಿದರೆ ಫ್ರೇಮು ತೆಳುವಾಗುತ್ತದೆ, ಹಾಗಾಗಿ ಉಜ್ಜುವುದು ಬೇಡ. ಹಿಡಿಯ ಅಡಿಯಲ್ಲಿ ಯಾರಿಗೂ ಕಾಣುವುದಿಲ್ಲ, ತುಕ್ಕು ತೆಗೆದು ನಿಲ್ಲಿಸಿದರೆ ಸಾಕು. ಸಿಲಿಂಡರಿನ ಮೇಲಿನ ಚುಕ್ಕೆಗಳು ಮೇಲ್ಪದರದವು, ಎಮರಿ ಪೇಪರಿನಲ್ಲಿ ಕೈಯಿಂದಲೇ ಹೋಗುತ್ತವೆ. ನಂಬರಿನ ಸುತ್ತ ಚಕ್ರ ಮುಟ್ಟಿಸುವುದೇ ಇಲ್ಲ. ಬಣ್ಣದ ಮಾತಿಗೆ ಬಂದರೆ ಅವರು ತಾವೇ ಮಾಡುವುದು ಬ್ಲೂ ಒಂದೇ, ನಿಕಲ್ ಬೇಕಾದರೆ ಬೇರೆ ಕಡೆ ಹೋಗಿ ಎಂದರು. ಬ್ಲೂ ಅಂದರೆ ಕನ್ನಡಿ ಸಾಹೇಬರೇ, ಅದು ಏನನ್ನೂ ಮುಚ್ಚುವುದಿಲ್ಲ, ಗೀರು ಇದ್ದರೆ ಗೀರನ್ನೇ ತೋರಿಸುತ್ತದೆ ಎಂದೂ ಸೇರಿಸಿದರು. ನಾನು ಸುಮ್ಮನಿರಲಾರದೆ ನಮ್ಮ ಬ್ಯಾಂಕಿನ ಜೋಡುನಳಿಗೆಯನ್ನೂ ಹೀಗೇ ಕುದಿಸುತ್ತೀರಾ ಎಂದು ಕೇಳಿದೆ. ಕೂಡದು, ಎರಡು ನಳಿಗೆಗಳನ್ನು ಬೆಸೆದಿರುವುದು ಸೀಸ-ತವರದ ಬೆಸುಗೆಯಿಂದ, ಆ ಕಾಸ್ಟಿಕ್ ದ್ರಾವಣ ಬೆಸುಗೆಯನ್ನೇ ತಿಂದುಹಾಕುತ್ತದೆ, ಅದಕ್ಕೆ ನಿಧಾನವಾಗಿ ತುಕ್ಕು ಬರಿಸಿ, ಕುದಿಸಿ, ಉಜ್ಜಿ, ಮತ್ತೆ ತುಕ್ಕು ಬರಿಸುವ ಹಳೆಯ ವಿಧಾನವೇ ಆಗಬೇಕು ಎಂದರು. ಕೆಲಸ ಬಲ್ಲವರ ಬಾಯಿಂದ ಇಂಥ ಮಾತು ಕೇಳುವುದೇ ಒಂದು ಖುಷಿ.

ಅಳಿಯನಿಗೆ ಮಾತ್ರ ಬ್ಲೂ ಸಾಲದು. ಸೊಂಟದಲ್ಲಿಟ್ಟರೆ ಎರಡೇ ವರ್ಷದಲ್ಲಿ ಮತ್ತೆ ಬಿಳಿ ಕಾಣುತ್ತದೆ, ಬೇರೆ ಲೈಸೆನ್ಸುದಾರರನ್ನು ಹುಡುಕಿ ನಿಕಲ್ಲೇ ಮಾಡಿಸುವ ಎಂದು ಹಠ. ಅವನ ಮಾತು ಸುಳ್ಳಲ್ಲ. ದಿನವೂ ಮೈಮೇಲೆ ಇರುವ ಆಯುಧವಾದರೆ ನಾನೂ ನಿಕಲ್ಲೇ ಹೇಳುತ್ತಿದ್ದೆ. ಆಗ ಭಾವ ಕೇಳಿದರು, "ಸೊಂಟದಲ್ಲಿ ಯಾಕೆ ಇಡುವುದು?"

ಅವರು ಕೇಳಿದ್ದರಲ್ಲಿ ಅರ್ಥವಿತ್ತು. ಮೊದಲು ಗಲ್ಲಾದಲ್ಲಿ ನೋಟಿನ ಕಟ್ಟುಗಳಿರುತ್ತಿದ್ದವು. ಈಗ ಇಡ್ಲಿ ತಿಂದವನೂ ಚಹಾ ಕುಡಿದವನೂ ಕೌಂಟರಿನ ಮೇಲಿನ ಚೌಕಕ್ಕೆ ಮೊಬೈಲು ಹಿಡಿಯುತ್ತಾನೆ. 2016ರಲ್ಲಿ ಯುಪಿಐ ಬಂದಾಗ ನಾನೇ ಭಾವನಿಗೆ ಒತ್ತಾಯ ಮಾಡಿ ಹಾಕಿಸಿದ್ದು. ಕೊರೋನಾ ನಂತರ ರಾತ್ರಿ ಚೀಲದಲ್ಲಿ ಮನೆಗೆ ಬರುವ ನಗದು ಒಂದು ಮದುವೆಯ ಮುಯ್ಯಿಗೂ ಸಾಲುವುದಿಲ್ಲ. ಭಾವ ರಿವಾಲ್ವರನ್ನು ಸೊಂಟಕ್ಕೆ ಕಟ್ಟಿಕೊಂಡು ಮೂರ್ನಾಲ್ಕು ವರ್ಷವೇ ಆಗಿತ್ತು. ಅದು ಈಗ ಕಪಾಟಿನಲ್ಲಿರುವ ವಸ್ತು. ಕಪಾಟಿನಲ್ಲಿರುವುದಕ್ಕೆ ಹೋಲ್ಸ್ಟರಿನ ಉಜ್ಜಾಟವಿಲ್ಲ, ಬೆವರಿಲ್ಲ; ಇರುವುದು ಮಳೆಗಾಲದ ತೇವ ಒಂದೇ. ಅದಕ್ಕೆ ಬ್ಲೂ, ತಿಂಗಳಿಗೊಮ್ಮೆ ಎಣ್ಣೆ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕು. ನಂಬರಿಗೂ ಕಾರ್ಖಾನೆಯ ಮುದ್ರೆಗೂ ಒಂದು ಕೂದಲೆಳೆಯಷ್ಟೂ ಧಕ್ಕೆಯಿಲ್ಲ.

"ಹಾಗಾದರೆ ನನ್ನ ಹೆಸರಿಗೆ ಯಾಕೆ ಅಪ್ಪ?" ಎಂದು ಅಳಿಯ ಕೇಳಿದ. ಅಂಗಡಿಯಲ್ಲೇ. ಭಾವ ಉತ್ತರ ಕೊಡಲಿಲ್ಲ, ಮಿಸ್ತ್ರಿಗೆ ಬ್ಲೂ ಮಾಡಿ ಎಂದು ಹೇಳಿ ರಸೀದಿ ಬರೆಸಿಕೊಂಡರು.

ಅದೇ ಪ್ರಶ್ನೆ ಅಕ್ಕನದೂ ಹೌದು. ಅವಳು ಹತ್ತು ವರ್ಷದಿಂದ ಹೇಳುತ್ತಿದ್ದಾಳೆ, ಠಾಣೆಗೆ ಒಪ್ಪಿಸಿ ಲೈಸೆನ್ಸು ರದ್ದು ಮಾಡಿಸಿ, ಇಲ್ಲವೇ ಅಂಗಡಿಗೆ ಮಾರಿ ಎಂದು. ಮನೆಯಲ್ಲಿ ಮೊಮ್ಮಗ ಓಡಾಡುತ್ತಿದ್ದಾನೆ, ಅವನಿಗೆ ನಾಲ್ಕು ವರ್ಷ. ಗುಂಡುಗಳು ಬೇರೆ ಕಪಾಟಿನಲ್ಲಿವೆ, ಎರಡಕ್ಕೂ ಬೇರೆ ಬೇರೆ ಬೀಗ ಎಂದು ಭಾವ ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಅವಳದೇ ಸರಿ ಎಂದು ನನ್ನ ಅಭಿಪ್ರಾಯ, ಭಾವನಿಗೂ ಹೇಳಿದ್ದೇನೆ. ಆದರೆ ಅವರಿಗೆ ಅದು ಬರೀ ಆಯುಧವಲ್ಲ ಎಂಬುದೂ ನನಗೆ ಗೊತ್ತು. ನಮ್ಮ ಬ್ಯಾಂಕಿನಲ್ಲಿ ಮಡಿಕೇರಿಯ ಒಬ್ಬ ಸಹೋದ್ಯೋಗಿ ಇದ್ದರು. ಪ್ರತಿ ಸೆಪ್ಟೆಂಬರ್ 3ಕ್ಕೆ ಕೈಲ್‌ಪೊಳ್ದ್ ಎಂದು ರಜೆ ಹಾಕಿ ಊರಿಗೆ ಹೋಗಿ, ಮನೆಯ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿ ಬರುತ್ತಿದ್ದರು. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ, 2029ರ ತನಕ, ಮುಂದುವರಿಸಿದೆ. ಅವರ ಕೋವಿಯ ಹಿಂದೆ ಒಂದು ಕುಲವಿದೆ, ಹಬ್ಬವಿದೆ. ನಮ್ಮ ಭಾವನ ರಿವಾಲ್ವರಿನ ಹಿಂದೆ ಇರುವುದು 1998ರ ಒಂದು ಫೋನ್ ಕರೆ. ಮಗನ ಶಾಲೆಯ ಬಸ್ಸಿನ ಹೊತ್ತನ್ನು ಹೇಳಿದ ಆ ದನಿ ಅವರ ಕಿವಿಯಿಂದ ಇನ್ನೂ ಹೋಗಿಲ್ಲ. ಆ ಮಗನಿಗೇ ಅದನ್ನು ಕೊಡಬೇಕೆಂದು ಏಕೆ ಅನ್ನಿಸುತ್ತದೆ ಎಂದು ನಾನು ಕೇಳಲು ಹೋಗಿಲ್ಲ. ಆಯುಧ ಪೂಜೆಯ ದಿನ ಹೋಟೆಲಿನ ಗ್ರೈಂಡರು, ಕಾವಲಿ, ತರಕಾರಿ ಕತ್ತಿಗಳ ಸಾಲಿನಲ್ಲಿ ಅದಕ್ಕೂ ಒಂದು ಕುಂಕುಮದ ಬೊಟ್ಟು ಬೀಳುತ್ತಿತ್ತು. ಬೊಟ್ಟು ಇಡುತ್ತಿದ್ದವಳು ಅಕ್ಕನೇ.

ಹದಿನೈದು ದಿನ ಎಂದವರು ಐದು ವಾರದ ಮೇಲೆ ಕೊಟ್ಟರು. ಕೆಲಸ ಚೆನ್ನಾಗಿ ಬಂದಿದೆ. ಕಾರ್ಖಾನೆಯಿಂದ ಬಂದಾಗಿನ ಮಂಕು ಕಪ್ಪಲ್ಲ, ಬೆಳಕಿಗೆ ಹಿಡಿದರೆ ನೀಲಿ ಛಾಯೆ ಇರುವ ಕಪ್ಪು. ಸಿಲಿಂಡರಿನ ಮೇಲೆ ಎರಡು ಗುಳಿಗಳು ಹುಡುಕಿದರೆ ಸಿಗುತ್ತವೆ. ನಂಬರಿನ ಪ್ರತಿ ಅಂಕಿಯೂ ಸ್ಪಷ್ಟವಾಗಿದೆ, ನಾನು ಲೈಸೆನ್ಸಿನ ಪುಸ್ತಕ ತೆರೆದು ಎರಡು ಸಲ ತಾಳೆ ನೋಡಿದೆ. ಅಳಿಯನ ಅರ್ಜಿ ಇನ್ನೂ ಭಾವನ ಮೇಜಿನ ಖಾನೆಯಲ್ಲೇ ಇದೆ. ಸಹಿ ಆಗಿಲ್ಲ. ಹಾಕುವುದೋ ಬಿಡುವುದೋ ಎಂದು ಅಪ್ಪ ಮಗ ಇಬ್ಬರೂ ನನ್ನ ಹತ್ತಿರ ಬೇರೆ ಬೇರೆಯಾಗಿ ಫೋನು ಮಾಡಿ ಕೇಳಿದ್ದಾರೆ. ಅಕ್ಕನನ್ನು ಕೇಳಿ ಎಂದಿದ್ದೇನೆ.

ಅಕ್ಕ ನನಗೆ ಫೋನು ಮಾಡಿ ಕೇಳಿದ್ದು ಬೇರೆ. ಕಪಾಟಿನ ಬೀಗದ ಕೈ ಈಗ ಅವಳ ಹತ್ತಿರ, ತಿಂಗಳಿಗೊಮ್ಮೆ ಒರೆಸುವ ಕೆಲಸವೂ ಅವಳ ಪಾಲಿಗೆ ಬಂದಿದೆ, ಭಾವ ಪಕ್ಕದಲ್ಲಿ ಕೂತು ನೋಡುತ್ತಾರಂತೆ. "ಊರಿನ ತೆಂಗಿನೆಣ್ಣೆ ಹಾಕಬಹುದಾ?" ಎಂದು ಕೇಳಿದಳು. ಬೇಡ, ಅಡುಗೆಯ ಎಣ್ಣೆಗಳು ಗಾಳಿಗೆ ಅಂಟಾಗಿ ಜಿಡ್ಡು ಕಟ್ಟುತ್ತವೆ, ನಿನ್ನ ಹೊಲಿಗೆ ಮಿಷನ್ನಿನ ಎಣ್ಣೆ ಇದೆಯಲ್ಲ ಅದನ್ನೇ ಹಳೆಯ ಬನಿಯನ್ನಿನ ಬಟ್ಟೆಗೆ ನಾಲ್ಕು ಹನಿ ಹಾಕಿ ತೆಳುವಾಗಿ ಒರೆಸು, ಹೋಲ್ಸ್ಟರಿನಲ್ಲಿ ಮಾತ್ರ ಇಡಬೇಡ ಎಂದೆ. ಹೋಲ್ಸ್ಟರನ್ನು ಆಗಲೇ ಕಸದವನಿಗೆ ಕೊಟ್ಟಾಯಿತು ಎಂದಳು.